ಅಜ್ಜಿಯ ಅಣಕದಲ್ಲಿ ನಾನಿರಲಿಲ್ಲ

ನಮ್ಮ ಮನೆಯಲ್ಲಿ ಕನ್ನಡಿ ಇದ್ದದ್ದು ಒಂದೇ. ಅಪ್ಪ ಗಡ್ಡ ಹೆರೆದುಕೊಳ್ಳುವಾಗ ಹಿತ್ತಲ ಕಿಟಕಿಗೆ ಒರಗಿಸಿಕೊಳ್ಳುತ್ತಿದ್ದ ಅಂಗೈಯಗಲದ ತುಂಡು. ಅದರಲ್ಲಿ ಕಣ್ಣು ಕಂಡರೆ ಬಾಯಿ ಕಾಣುತ್ತಿರಲಿಲ್ಲ, ಬಾಯಿ ಕಂಡರೆ ಮೂಗು ಮಾಯ. ಆದರೂ ದೊಡ್ಡ ಕನ್ನಡಿ ಬೇಕೆಂದು ಮನೆಯಲ್ಲಿ ಯಾರೂ ಹಟ ಹಿಡಿದವರಲ್ಲ. ನಾವು ಹೇಗೆ ಕೂರುತ್ತೇವೆ, ಹೇಗೆ ಮುನಿಸಿಕೊಳ್ಳುತ್ತೇವೆ, ಸುಳ್ಳು ಹೇಳುವಾಗ ಕೈ ಎಲ್ಲಿಗೆ ಹೋಗುತ್ತದೆ ಎಂಬುದನ್ನೆಲ್ಲ ತೋರಿಸಿಕೊಡಲು ಅಜ್ಜಿ ಇದ್ದಳು. ತನ್ನ ಬೆನ್ನು ತನಗೆ ಕಾಣದು ಎಂಬ ಗಾದೆ ನಮ್ಮ ಮನೆಯ ಹೊಸಿಲು ದಾಟಿ ಒಳಗೆ ಬಂದಿರಲಿಲ್ಲ. ನಮ್ಮ ನಮ್ಮ ಬೆನ್ನನ್ನು ನಾವೆಲ್ಲ ಅಜ್ಜಿಯ ಮೈಮೇಲೆ ನೋಡಿದವರು.

ಈಗ ಊರೂರು ತಿರುಗಿ, ವೇದಿಕೆ ಹತ್ತಿ ಜನರನ್ನು ನಗಿಸುವುದೇ ನನ್ನ ಕೆಲಸ. ಕಾರ್ಯಕ್ರಮ ಮುಗಿದ ಮೇಲೆ ಸೆಲ್ಫಿಗೆಂದು ಬರುವ ಹುಡುಗಿಯರು ಪಕ್ಕದಲ್ಲಿ ನಿಂತು, ಮೊಬೈಲಿನ ಕಡೆ ಹಲ್ಲು ತೋರಿಸುತ್ತಲೇ, "ಮೇಡಂ, ಕಾಮಿಡಿ ಮಾಡೋಕೆ ಏನ್ ಬೇಕು?" ಎಂದು ಕೇಳುತ್ತಾರೆ. ಫೋಟೊ ತೆಗೆದು ಮುಗಿಯುವಷ್ಟರಲ್ಲಿ ಕೊಡಬಹುದಾದ ಉತ್ತರ ನನ್ನ ಹತ್ತಿರ ಇಲ್ಲ. ಚೆನ್ನಾಗಿ ಓದಿ, ಜನರ ಜೊತೆ ಬೆರೆಯಿರಿ ಎಂದು ಏನೋ ಒಂದು ಹೇಳಿ ಕಳಿಸುತ್ತೇನೆ. ನಿಜವಾದ ಉತ್ತರ ಬೇಕಿದ್ದರೆ ಅವರು ಕುಂದೂರು ಕಡೆಯ ನಮ್ಮ ಅಡಿಗೆಮನೆಗೆ ಬಂದು, ಒಲೆಯ ಮುಂದೆ ಮಣೆ ಹಾಕಿಕೊಂಡು ಕೂರಬೇಕಿತ್ತು.

ಮನೆಯಲ್ಲೆಲ್ಲ ಅದೇ ದೊಡ್ಡ ಕೋಣೆ. ಜಗಲಿ ಬಂದು ಹೋಗುವ ಗಂಡಸರ ಪಾಲಾಗಿತ್ತು. ನಡುಮನೆಯಲ್ಲಿ ಕಾಫಿ ಮೂಟೆಗಳೂ ಮೆಣಸಿನ ಚೀಲಗಳೂ ಗತ್ತಿನಿಂದ ಕೂತಿರುತ್ತಿದ್ದವು, ನಾವು ಅವುಗಳ ನಡುವೆ ಸಂದು ಮಾಡಿಕೊಂಡು ಓಡಾಡಬೇಕಿತ್ತು. ಹಾಗಾಗಿ ನಮ್ಮ ಬದುಕೆಲ್ಲ ಅಡಿಗೆಮನೆಯಲ್ಲೇ. ದೀಪ ಹಚ್ಚುವ ಹೊತ್ತಿಗೆ ಅಪ್ಪ, ಅವ್ವ, ಚಿಕ್ಕಪ್ಪ, ಅಪ್ಪನ ತಂಗಿ ಶಾರದತ್ತೆ, ನಾನು ಎಲ್ಲರೂ ಅಲ್ಲಿ ಸೇರುತ್ತಿದ್ದೆವು. ಅಜ್ಜಿ ಒಲೆಯ ಮುಂದೆ ಕೂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ತಟ್ಟುತ್ತ ತಟ್ಟುತ್ತ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕೈಯಿಂದ ಬಾಯಿ ಒರೆಸಿಕೊಂಡಳೆಂದರೆ ಯಾರದೋ ಗ್ರಹಚಾರ ಕೆಟ್ಟಿತೆಂದೇ ಅರ್ಥ. ಅಪ್ಪ ಅವ್ವನ ಜೊತೆ ಜಗಳದಲ್ಲಿ ಸೋಲುವ ಹೊತ್ತಿಗೆ ಹೆಗಲ ಟವೆಲ್ಲು ತೆಗೆದು, ಕೊಡವಿ, ಮತ್ತೆ ಹೆಗಲಿಗೇ ಹಾಕಿಕೊಂಡು, ಕೊಟ್ಟಿಗೆಯಲ್ಲಿ ಭಾರಿ ಕೆಲಸವಿದೆ ಎನ್ನುವವನಂತೆ ಎದ್ದು ಹೋಗುತ್ತಿದ್ದ. ಅವ್ವ ಸಾರಿನ ಉಪ್ಪು ನೋಡುವಾಗ ಮುಖವನ್ನು ಸೂರಿನ ಕಡೆ ಎತ್ತಿ, ಉತ್ತರ ಅಲ್ಲೆಲ್ಲೋ ಬರೆದಿದೆ ಎಂಬಂತೆ ಕಣ್ಣು ಕಿರಿದು ಮಾಡುತ್ತಿದ್ದಳು. ಚಿಕ್ಕಪ್ಪ ಟಾರ್ಚು ಎಲ್ಲಿ ಟಾರ್ಚು ಎಲ್ಲಿ ಎಂದು ಮನೆಯೆಲ್ಲ ಹುಡುಕುತ್ತಿದ್ದ, ಅದೂ ಆ ಟಾರ್ಚನ್ನೇ ಹಾಕಿಕೊಂಡು. ಶಾರದತ್ತೆಗಂತೂ ತಮಾಷೆ ಹೇಳುವ ಮುಂಚೆಯೇ ನಗು ಬಂದುಬಿಡುತ್ತಿತ್ತು. ಗೋಡೆ ಹಿಡಿದು ಜಾರಿ ಕೂತು ನಕ್ಕು ನಕ್ಕು ಸುಸ್ತಾಗುತ್ತಿದ್ದಳೇ ಹೊರತು ತಮಾಷೆ ಏನೆಂದು ಯಾರಿಗೂ ಕೊನೆಗೂ ತಿಳಿಯುತ್ತಿರಲಿಲ್ಲ. ಇದನ್ನೆಲ್ಲ ಅಜ್ಜಿ ಕೂತಲ್ಲೇ ಆಡಿ ತೋರಿಸುತ್ತಿದ್ದಳು. ಹಿಟ್ಟು ಮೆತ್ತಿದ ಕೈ, ಸುಕ್ಕುಗಟ್ಟಿದ ಮುಖ, ಆದರೂ ನಮ್ಮ ಕಣ್ಣೆದುರು ಸಾಕ್ಷಾತ್ ಅಪ್ಪ ಟವೆಲ್ಲು ಕೊಡವುತ್ತಿದ್ದ. ಎಲ್ಲರಿಗಿಂತ ಮೊದಲು ನಗುತ್ತಿದ್ದವನು ಅಪ್ಪನೇ. ಎಷ್ಟೋ ಜಗಳಗಳು ನಮ್ಮ ಮನೆಯಲ್ಲಿ ಮುಗಿದದ್ದು ಹಾಗೆ.

ಅಜ್ಜಿಗೆ ಅವಳದೇ ನೇಮಗಳಿದ್ದವು. ಒಮ್ಮೆ ಚಿಕ್ಕಪ್ಪ, ಬೇಲಿ ವಿಷಯಕ್ಕೆ ನಮ್ಮೊಡನೆ ಮಾತು ಬಿಟ್ಟಿದ್ದ ಪಕ್ಕದ ತೋಟದವನನ್ನು ಅಜ್ಜಿಯಿಂದ ಆಡಿಸಲು ನೋಡಿದ.

"ಅವ್ವ, ಒಸಿ ಆ ಬೇಲಿಯೋನ್ನ ಆಡಿ ತೋರ್ಸವ್ವ."

"ಅವ್ನೆಲ್ಲವ್ನೆ ಇಲ್ಲಿ?"

"ಇಲ್ಲ. ಅದುಕ್ಕೇ ಆಡು ಅಂದಿದ್ದು."

"ಎದುರ್ಗಡೆ ಆಡಿದ್ರೆ ತಮಾಸೆ, ಹಿಂದ್ಗಡೆ ಆಡಿದ್ರೆ ಚಾಡಿ ಕಣ್ಲಾ. ಅದೂ ಅಲ್ದೆ ನಂಗೆ ಅವ್ನ ಕಂಡ್ರಾಗಾಕಿಲ್ಲ. ಕಂಡ್ರಾಗ್ದೋರ್ನ ಆಡೋಕ್ ಹೋದ್ರೆ ನಮ್ ಸಿಟ್ಟು ಕಾಣ್ತದೆ, ಅವ್ನು ಕಾಣಾಕಿಲ್ಲ."

ಈ ಮಾತನ್ನು ನಾನು ಆಗಲೇ ಕೇಳಿಸಿಕೊಂಡಿದ್ದೆ. ಅದು ತಲೆಗೆ ಹೋಗಲು ಮಾತ್ರ ಒಂದು ಬೀಗರೂಟ ಬೇಕಾಯಿತು.

ಇಷ್ಟೆಲ್ಲ ಸಂಭ್ರಮದ ನಡುವೆ ನನಗೊಂದು ಕೊರಗಿತ್ತು. ಅಜ್ಜಿ ಮನೆಯವರನ್ನೆಲ್ಲ ಆಡುತ್ತಿದ್ದಳು. ಕಾಫಿ ಕುಯ್ಯಲು ಬರುವ ಹೆಂಗಸರನ್ನು, ಹಾಲು ಕರೆಯುವಾಗ ಒದೆಯುವ ಹಸುವನ್ನು, ಕೊನೆಗೆ ಸತ್ತು ಹೋದ ಅಜ್ಜನನ್ನೂ ಗೋಡೆಯ ಮೇಲಿನ ಫೋಟೊಕ್ಕೆ ಮುಖ ಮಾಡಿಯೇ ಆಡುತ್ತಿದ್ದಳು. ನನ್ನನ್ನು ಮಾತ್ರ ಒಂದು ಸಲವೂ ಆಡಲಿಲ್ಲ. ಬೇರೆ ಮಕ್ಕಳು ಅಣಕಿಸಿದರೆ ಅಳುತ್ತಾರಂತೆ, ನನಗೆ ಅಣಕಿಸುವುದಿಲ್ಲವಲ್ಲ ಎಂದು ಅಳು. ಹಸುವಿಗೆ ಸಿಕ್ಕ ಮರ್ಯಾದೆ ನನಗಿಲ್ಲ! ಅಜ್ಜಿಗೆ ನಾನು ಕಾಣುವುದೇ ಇಲ್ಲ, ನಾನು ಈ ಮನೆಯ ಲೆಕ್ಕದಲ್ಲೇ ಇಲ್ಲ ಅನಿಸುತ್ತಿತ್ತು. ಆಡಲು ಏನಾದರೂ ಸಿಗಲಿ ಎಂದು ನಾನೇ ಹೊಸ ಹೊಸ ಅಭ್ಯಾಸಗಳನ್ನು ಹುಟ್ಟುಹಾಕಿಕೊಂಡೆ. ಕೆಲವು ದಿನ ಸೊಂಟದ ಮೇಲೆ ಕೈ ಇಟ್ಟುಕೊಂಡೇ ಓಡಾಡಿದೆ. ಆಮೇಲೆ ಜಡೆಯ ತುದಿ ಕಚ್ಚಲು ಶುರುಮಾಡಿದೆ. ಅದಕ್ಕೂ ಅಜ್ಜಿ ಜಗ್ಗದಿದ್ದಾಗ, ಪ್ರತಿ ಮಾತಿಗೆ ಮುಂಚೆ ಗಂಭೀರವಾಗಿ ಒಂದು ಕೆಮ್ಮು ಕೆಮ್ಮತೊಡಗಿದೆ. ಅಜ್ಜಿ ರೊಟ್ಟಿ ತಟ್ಟುವ ಕೈ ನಿಲ್ಲಿಸಿ ನನ್ನನ್ನು ನೋಡಿದಳು. ಬಂತು, ನನ್ನ ಸರದಿ ಬಂತು ಎಂದು ನಾನು ಉಸಿರು ಬಿಗಿಹಿಡಿದು ಕೂತೆ. ಅಜ್ಜಿ ಅವ್ವನ ಕಡೆ ತಿರುಗಿ ಹೇಳಿದಳು:

"ಮಗೀಗೆ ಕೆಮ್ಮು ಹತ್ಕಂಡೈತೆ. ಒಸಿ ಮೆಣಸಿನ ಕಷಾಯ ಕಾಯ್ಸು."

ನಮ್ಮ ತೋಟದ ಮೆಣಸು ಎಂಥ ಖಾರವೆಂದು ಆ ವಾರ ನನಗೆ ಚೆನ್ನಾಗಿ ಗೊತ್ತಾಯಿತು. ಕಷಾಯ ಕುಡಿದ ಉರಿಯಲ್ಲಿ ನಾನು ನೇರವಾಗಿ ಕೇಳಿಯೇಬಿಟ್ಟೆ.

"ಅಜ್ಜಿ, ನನ್ನ ಯಾಕೆ ಆಡಾಕಿಲ್ಲ ನೀನು?"

"ನಿನ್ನಲ್ಲಿ ಏನೈತೆ ಅಂತ ಆಡ್ಲವ್ವ?" ಅಜ್ಜಿ ನನ್ನ ಗಲ್ಲ ಹಿಡಿದೆತ್ತಿದಳು. "ಒಂದಿನ ನಿಮ್ಮವ್ವನಂಗೆ ಇರ್ತೀಯ, ಒಂದಿನ ಸಾರದನಂಗೆ ಇರ್ತೀಯ, ಒಂದಿನ ನನ್ನಂಗೇ ಇರ್ತೀಯ. ಯಾವಾಗ ನೋಡಿದ್ರೂ ಬೇರೇರ ಮಕ ಹಾಕ್ಕಂಡಿರ್ತೀಯ. ನಿನ್ ಮಕ ಎಲ್ಲೈತೆ ತೋರ್ಸು, ಆಡ್ತೀನಿ."

ನನ್ನ ಮುಖ ಎಲ್ಲಿದೆ ಎಂದು ಅಪ್ಪನ ಕನ್ನಡಿಯಲ್ಲೂ ಹುಡುಕಿದೆ. ಒಂದು ಕಣ್ಣು ಸಿಕ್ಕಿತು, ಅಷ್ಟೆ.

ಆ ಬೇಸಿಗೆಯಲ್ಲಿ ಶಾರದತ್ತೆಗೆ ಯಸಳೂರಿನ ಕಡೆಯ ಗಂಡು ಗೊತ್ತಾಯಿತು. ಗಂಡು ಒಳ್ಳೆಯವನೇ. ಆದರೆ ಗಂಡಿನ ತಾಯಿ ಗೌರಮ್ಮನವರು ಮನೆ ನೋಡಲು ಬಂದವರು ಒಮ್ಮೆಯೂ ಹಲ್ಲು ಬಿಡಲಿಲ್ಲ. ಅವರಿಗೊಂದು ವಿಚಿತ್ರ ಅಭ್ಯಾಸ. ಹಲಸಿನ ಹಣ್ಣು ಬಲಿತಿದೆಯೋ ಇಲ್ಲವೋ ಎಂದು ಬೆರಳ ಗಿಣ್ಣಿನಿಂದ ಬಡಿದು ಸದ್ದು ಕೇಳುತ್ತೇವಲ್ಲ, ಹಾಗೆ ಅವರು ಕಂಡದ್ದನ್ನೆಲ್ಲ ಬಡಿದು ನೋಡುತ್ತಿದ್ದರು. ಜಗಲಿಯ ಕಂಬ ಬಡಿದರು, ಬಾಗಿಲು ಬಡಿದರು, ಹಿತ್ತಾಳೆ ಹಂಡೆ ಬಡಿದರು. ಕೊನೆಗೆ ಕಾಫಿ ಲೋಟ ಹಿಡಿದು ನಿಂತಿದ್ದ ನನ್ನ ತಲೆಯನ್ನೂ ಟಕ್ ಟಕ್ ಎಂದು ಬಡಿದು, "ಇದುಕ್ಕೆ ಓದು ಹತ್ತಾಕಿಲ್ವಾ?" ಎಂದು ಕೇಳಿದರು. ಅಲ್ಲಿದ್ದವರೆಲ್ಲ ನಕ್ಕರು. ಅವರು ಮಾತ್ರ ನಗಲಿಲ್ಲ. ಅವತ್ತಿನಿಂದ ನನಗೆ ಗೌರಮ್ಮನವರನ್ನು ಕಂಡರಾಗುತ್ತಿರಲಿಲ್ಲ. ನಕ್ಕು ನಕ್ಕು ಗೋಡೆ ಹಿಡಿದು ಜಾರುವ ನಮ್ಮ ಶಾರದತ್ತೆ ಈ ಹೆಂಗಸಿನ ಮನೆಯಲ್ಲಿ ಹೇಗೆ ಬಾಳುತ್ತಾಳೆ ಎಂದು ಅವ್ವ ಒಲೆಯ ಮುಂದೆ ಕಣ್ಣೊರೆಸಿಕೊಂಡಳು. ಅಜ್ಜಿ ಮಾತ್ರ, "ಬೀಗರೂಟಕ್ಕೆ ಬರ್ಲಿ ಬುಡು, ನಗಿಸ್ದೆ ಕಳ್ಸಾಕಿಲ್ಲ," ಎಂದು ಸೆರಗು ಸಿಕ್ಕಿಸಿದಳು.

ನಮ್ಮ ಕಡೆ ಮದುವೆಯಾದ ಮೇಲೆ ಹೆಣ್ಣಿನವರು ಗಂಡಿನವರನ್ನು ಕರೆದು ಬಾಡೂಟ ಹಾಕುವುದೇ ಬೀಗರೂಟ. ಆಗ ನಮ್ಮ ಕೇರಿಯಲ್ಲಿ ಅದಕ್ಕೊಂದು ಪದ್ಧತಿಯಿತ್ತು. ಎಲೆಗೆ ಸಾರು ಬಿದ್ದ ಮೇಲೆ ಹೆಣ್ಣಿನ ಕಡೆಯ ಒಬ್ಬ ಹೆಂಗಸು ಎದ್ದು, ಹೊಸ ಬೀಗಿತ್ತಿಯನ್ನು, ಎಂದರೆ ಗಂಡಿನ ತಾಯಿಯನ್ನು, ಹಾಡಿ ಆಡಿ ಅಣಕಿಸಬೇಕು. ಬೀಗಿತ್ತಿ ನಕ್ಕರೆ ಸಂಬಂಧ ಕುದುರಿತು. ಮುಖ ಗಂಟಿಕ್ಕಿಕೊಂಡರೆ, ಅವತ್ತೇ ಅವರ ಜೊತೆ ಹೊರಡುವ ಹೆಣ್ಣಿನ ಬಗ್ಗೆ ಹೆತ್ತವರ ಹೊಟ್ಟೆಯಲ್ಲಿ ಕಳವಳ ಉಳಿಯುತ್ತಿತ್ತು. ಈ ಕೆಲಸಕ್ಕೆ ನಮ್ಮ ಅಜ್ಜಿಯದು ಎತ್ತಿದ ಕೈ. ಬೇರೆ ಊರುಗಳಿಂದಲೂ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಅಂಥ ಅಜ್ಜಿಯ ಗಂಟಲು ಬೀಗರೂಟದ ದಿನವೇ ಕೈಕೊಟ್ಟಿತು. ಕಾರಣ ಮಂಗಗಳು. ಮದುವೆಗೆಂದು ಅಟ್ಟದಲ್ಲಿ ತೂಗುಹಾಕಿದ್ದ ಬಾಳೆಗೊನೆಗಳ ವಾಸನೆ ಹಿಡಿದು ಮಂಗಗಳ ಹಿಂಡು ಹೆಂಚು ಸರಿಸಿ ಒಳಗಿಳಿಯತೊಡಗಿತ್ತು. ಹಿಂದಿನ ದಿನ ಬೆಳಗಿನಿಂದ ಸಂಜೆಯವರೆಗೆ ಅಜ್ಜಿ ಕೋಲು ಹಿಡಿದು ಕಣದಲ್ಲಿ ನಿಂತು, ಅವುಗಳ ಏಳು ತಲೆಮಾರಿಗೂ ಬೈದಳು. ಬೈಗುಳ ಒಂದಕ್ಕಿಂತ ಒಂದು ಚೆನ್ನಾಗಿದ್ದುದರಿಂದ ನಾವು ಯಾರೂ ತಡೆಯಲಿಲ್ಲ, ಕೂತು ಕೇಳಿದೆವು. ಮರುದಿನ ಬೆಳಿಗ್ಗೆ ಅಜ್ಜಿ ಬಾಯಿ ತೆರೆದರೆ ಗಾಳಿ ಮಾತ್ರ ಬಂತು. ಮೆಣಸಿನ ಕಷಾಯದ ಲೋಟ ಈಗ ಅಜ್ಜಿಯ ಕೈಗೆ ಬಂದಿತ್ತು. ನನಗೆ ಒಳಗೊಳಗೇ ಒಂಚೂರು ಖುಷಿಯಾಯಿತು.

"ಈಗ ಬೀಗಿತ್ತೀನ ಆಡೋರು ಯಾರತ್ತೆ?" ಎಂದು ಅವ್ವ ಗಾಬರಿಯಾಗಿ ಕೇಳಿದಳು.

ಅಜ್ಜಿ ತುಟಿಯನ್ನು ಚೂಪು ಮಾಡಿ, ತುಟಿಯಿಂದಲೇ ನನ್ನ ಕಡೆ ತೋರಿಸಿದಳು.

"ಪುಟ್ಟೀನಾ? ಎಲ್ಲಾದ್ರೂ ಉಂಟಾ! ಎಲೆ ಮುಂದೆ ಕೂತಿರೋ ಜನ್ವೆಲ್ಲ ಎದ್ದೋಗ್ಬುಡ್ತಾರೆ."

ಅಜ್ಜಿ ಮತ್ತೊಮ್ಮೆ ತುಟಿ ಚೂಪು ಮಾಡಿದಳು. ಅಲ್ಲಿಗೆ ಮಾತು ಮುಗಿಯಿತು. ಭಯಕ್ಕಿಂತ ಮೊದಲು ನನ್ನ ತಲೆಗೆ ಹೊಳೆದದ್ದು ಒಂದೇ: ಇವತ್ತು ಗೆದ್ದರೆ ಅಜ್ಜಿ ನನ್ನನ್ನು ಆಡಿಯೇ ಆಡುತ್ತಾಳೆ.

ಕಾಫಿ ಒಣಗಿಸುವ ಕಣದಲ್ಲಿ ಚಪ್ಪರ ಹಾಕಿ, ಸಾಲಾಗಿ ಬಾಳೆಲೆ ಹಾಸಿದ್ದರು. ಕಡುಬಿನ ಮೇಲೆ ಬಾಡಿನ ಸಾರು ಬಿತ್ತು. ಗೌರಮ್ಮನವರು ನಡುವಿನ ಎಲೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತು, ಮೊದಲು ಕಡುಬನ್ನೇ ಗಿಣ್ಣಿನಿಂದ ಬಡಿದರು. ನಾನು ಎದ್ದು ನಿಂತೆ. ಲಂಗದ ಮೇಲೆ ಅವ್ವನ ಸೀರೆಯೊಂದನ್ನು ಸುತ್ತಿಕೊಂಡು, ಗದ್ದ ಮೇಲೆತ್ತಿ, ಬಿರಬಿರನೆ ಹೋಗಿ ಚಪ್ಪರದ ಕಂಬ ಬಡಿದೆ. ನೀರಿನ ಕೊಳಗ ಬಡಿದೆ. ಒಬ್ಬ ಮಾವನ ಬೋಳುತಲೆ ಬಡಿದೆ. ಮಾಡಿದ್ದೆಲ್ಲ ಸರಿಯಾಗಿಯೇ ಇತ್ತು, ಗದ್ದ ಸರಿ, ಗಿಣ್ಣು ಸರಿ, ನಡಿಗೆಯೂ ಸರಿ. ಯಾರೂ ನಗಲಿಲ್ಲ. ನನ್ನ ತಲೆ ಬಡಿದದ್ದರ ಸಿಟ್ಟೆಲ್ಲ ಕೈಗಿಳಿದಿತ್ತು. ಕಂಬಕ್ಕೆ ಬೀಳುತ್ತಿದ್ದುದು ಬಡಿತವಾಗಿರಲಿಲ್ಲ, ಏಟು. ನೋಡುವವರಿಗೆ ಗೌರಮ್ಮನವರು ಕಾಣಲಿಲ್ಲ, ಅವರ ಮೇಲೆ ಹಲ್ಲು ಮಸೆಯುವ ಒಂದು ಹುಡುಗಿ ಕಂಡಳು. ಗೌರಮ್ಮನವರು ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡರು.

ಆಮೇಲೆ ಎಷ್ಟೋ ವೇದಿಕೆಗಳ ಮೇಲೆ ನನ್ನ ಮಾತಿಗೆ ಜನ ನಗದೆ ಕೂತದ್ದುಂಟು. ಆದರೆ ಕಡುಬಿನ ಹಬೆಯೊಂದು ಬಿಟ್ಟು ಮತ್ತೇನೂ ಅಲುಗಾಡದ ಆ ಮೌನಕ್ಕೆ ಸಮ ಯಾವುದೂ ಇಲ್ಲ. ಸೌಟು ಹಿಡಿದ ಚಿಕ್ಕಪ್ಪ ಬಗ್ಗಿದವನು ಬಗ್ಗಿಯೇ ಇದ್ದ. ಅಪ್ಪ ಟವೆಲ್ಲಿಗೆ ಕೈ ಹಾಕಿದ. ಮದುಮಗಳಾಗಿ ಕೂತಿದ್ದ ಶಾರದತ್ತೆಯ ಮುಖ ನೋಡಿದೆ. ಆ ಮುಖದಲ್ಲಿ ನಗುವಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನಿಂದ ಅತ್ತೆಯ ಸಂಸಾರವೇ ಕೆಟ್ಟಿತು ಎಂದುಕೊಂಡೆ. ಬಾಯಿ ಒಣಗಿತು. ಯಾರಾದರೂ ಕಾಪಾಡಲಿ ಎಂದು ಸುತ್ತ ಕಣ್ಣಾಡಿಸಿದೆ.

ಅಡಿಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು. ನನಗೆ ಏನೋ ಹೇಳಿಕೊಡುತ್ತಿದ್ದಳು, ಗಂಟಲಿಲ್ಲದೆ. ತುಟಿ ಅತ್ತ ಚೂಪಾಗುತ್ತಿತ್ತು, ಇತ್ತ ಚೂಪಾಗುತ್ತಿತ್ತು, ಹುಬ್ಬು ಹಾರುತ್ತಿತ್ತು, ಎರಡೂ ಕೈ ಮಂಗ ಓಡಿಸುವಂತೆ ಗಾಳಿಯಲ್ಲಿ ಆಡುತ್ತಿದ್ದವು. ಕೂತ್ಕೋ ಎನ್ನುತ್ತಾಳೋ, ಮುಂದುವರಿಸು ಎನ್ನುತ್ತಾಳೋ ಒಂದೂ ತಿಳಿಯಲಿಲ್ಲ. ಆದರೆ ಅಷ್ಟು ಭಯದಲ್ಲೂ ನನಗೆ ನಗು ಬಂತು. ಪ್ರೀತಿಯೂ ಉಕ್ಕಿ ಬಂತು. ನನ್ನ ಕೈ ತನ್ನಷ್ಟಕ್ಕೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿತು, ಮೊಣಕೈ ಬಾಯಿ ಒರೆಸಿತು. ಅಜ್ಜಿಯ ಎದುರಿಗೇ ಅಜ್ಜಿಯಾದೆ. ತುಟಿ ಚೂಪು ಮಾಡಿದೆ, ಹುಬ್ಬು ಹಾರಿಸಿದೆ, ಹೆಂಚಿನ ಮೇಲಿನ ಮಂಗಕ್ಕೆ ಸದ್ದೇ ಬರದ ಬಾಯಲ್ಲಿ ಏಳು ತಲೆಮಾರಿನ ಬೈಗುಳ ಬೈದೆ, ಮಂಗಕ್ಕೆ ಕೇಳಿಸದಿದ್ದಾಗ ಕೈಯಲ್ಲಿಲ್ಲದ ಕೋಲಿನಿಂದ ನನ್ನ ಗಂಟಲನ್ನೇ ತಿವಿದು ನೋಡಿಕೊಂಡೆ.

ಮೊದಲು ನಕ್ಕವಳು ಅವ್ವ. ಊರಿನವರನ್ನೆಲ್ಲ ಆಡುವ ಅಜ್ಜಿಯನ್ನು ಅವತ್ತಿನವರೆಗೆ ಯಾರೂ ಆಡಿರಲಿಲ್ಲ. ಆಡುವ ಧೈರ್ಯ ಯಾರಿಗಿತ್ತು? ನಮ್ಮ ಕಡೆಯ ಸಾಲು ನಕ್ಕಿತು, ಆಮೇಲೆ ಎದುರು ಸಾಲು. ನಾನು ಅಜ್ಜಿಯನ್ನು ಬಿಟ್ಟು ಟವೆಲ್ಲು ಕೊಡವುವ ಅಪ್ಪನಾದೆ, ಟಾರ್ಚು ಹುಡುಕುವ ಚಿಕ್ಕಪ್ಪನಾದೆ, ಗೋಡೆಗೆ ಬದಲು ಚಪ್ಪರದ ಕಂಬ ಹಿಡಿದು ಜಾರುವ ಶಾರದತ್ತೆಯಾದೆ. ನಮ್ಮ ಮನೆಯಲ್ಲಿ ಇರುವುದೆಲ್ಲ ಇಷ್ಟೇ ಎಂದು ಬೀಗರ ಮುಂದೆ ಸುರಿದುಬಿಟ್ಟೆ. ನಿಜವಾದ ಶಾರದತ್ತೆ ಮದುಮಗಳೆಂಬುದನ್ನು ಮರೆತು, ಹಿಡಿಯಲು ಗೋಡೆ ಸಿಗದೆ ಗಂಡನ ಭುಜ ಹಿಡಿದು ಜಾರಿದಳು.

ಆಗ ಗೌರಮ್ಮನವರು ಎಲೆಯ ಮುಂದಿಂದ ಎದ್ದರು. ಊಟದ ನಡುವೆ ಬೀಗಿತ್ತಿ ಎದ್ದರೆ ಹುಡುಗಾಟವೇ? ನಗು ಅಲ್ಲಲ್ಲೇ ನಿಂತಿತು. ಅವರು ಸಾರಿನ ಕೈಯನ್ನು ದೂರ ಹಿಡಿದುಕೊಂಡು ನನ್ನ ಮುಂದೆ ಬಂದು ನಿಂತು, ಎಡಗೈಯ ಗಿಣ್ಣಿನಿಂದ ನನ್ನ ತಲೆಯನ್ನು ಟಕ್ ಟಕ್ ಎಂದು ಬಡಿದರು. ಕಿವಿಯನ್ನು ತಲೆಯ ಹತ್ತಿರ ತಂದು, ಕಣ್ಣು ಮುಚ್ಚಿ ಕೇಳಿದರು. ಇನ್ನೊಮ್ಮೆ ಬಡಿದರು. ಆಮೇಲೆ ಅಜ್ಜಿಯ ಕಡೆ ತಿರುಗಿ ಹೇಳಿದರು:

"ಬಲ್ತೈತೆ ಕಣ್ರೀ ಬೀಗಿತ್ತಿ ಇದು. ಇನ್ ಕುಯ್ಬೋದು."

ಚಪ್ಪರ ಹಾರಿಹೋಗುವಂತೆ ಜನ ನಕ್ಕರು. ಗೌರಮ್ಮನವರೂ ನಕ್ಕರು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ. ತಮ್ಮ ಊರಿನಲ್ಲಿ ಬೀಗಿತ್ತಿಯರನ್ನು ಆಡುವುದು ಅವರದೇ ಕೆಲಸವಂತೆ. ಗಂಡಿನ ತಾಯಿಯಾಗಿ ಬಿಗಿದುಕೊಂಡಿರಬೇಕೆಂದು ಮನೆಯವರು ಹೇಳಿ ಕಳಿಸಿದ್ದರಂತೆ. "ಮೂರು ತಿಂಗ್ಳಿಂದ ಮಕ ನೋಯ್ತಿತ್ತು ಮಾರಾಯ್ತಿ," ಎಂದು ಅಜ್ಜಿಯ ಪಕ್ಕದಲ್ಲಿ ಕೂತು ಇನ್ನೊಂದು ಕಡುಬು ಹಾಕಿಸಿಕೊಂಡರು. ಸಂಜೆ ಜೀಪು ಹತ್ತುವಾಗ ಶಾರದತ್ತೆ ಅತ್ತಳು, ನಾವೆಲ್ಲ ಅತ್ತೆವು. ಆದರೆ ಅವ್ವನ ಅಳುವಿನಲ್ಲಿ ಕಳವಳವಿರಲಿಲ್ಲ.

ಮಾರನೆಯ ಬೆಳಿಗ್ಗೆ ಅಡಿಗೆಮನೆ ಬಿಕೋ ಎನ್ನುತ್ತಿತ್ತು. ನಿನ್ನೆಯ ಕಡುಬು, ಬಿಸಿ ಮಾಡಿದ ಸಾರು. ಶಾರದತ್ತೆಯ ಮಣೆ ಗೋಡೆಗೆ ಒರಗಿತ್ತು, ಅದನ್ನು ಯಾರೂ ಮುಟ್ಟಲಿಲ್ಲ. ನನಗೆ ಬೇರೊಂದು ದಿಗಿಲು. ನಾಲ್ಕೂರಿನ ಜನರ ಮುಂದೆ ಅಜ್ಜಿಯನ್ನು ಅಣಕಿಸಿದ್ದೆ. ಬೀಗರು ಹೋದಾಗಿನಿಂದ ಅಜ್ಜಿ ನನ್ನ ಕಡೆ ನೋಡಿರಲಿಲ್ಲ. ಗಂಟಲು ಇನ್ನೂ ಬಂದಿರಲಿಲ್ಲವಾದ್ದರಿಂದ ಬೈಗುಳವೂ ಇಲ್ಲ. ಬೈದರೆ ವಾಸಿ ಎಂದುಕೊಂಡು ತಲೆ ತಗ್ಗಿಸಿ ಕಡುಬು ಮುರಿಯುತ್ತಿದ್ದೆ.

ಸದ್ದಾಯಿತೆಂದು ತಲೆಯೆತ್ತಿದೆ. ಅಜ್ಜಿ ಎದ್ದು ನಿಂತಿದ್ದಳು. ಸೆರಗು ಸೊಂಟಕ್ಕೆ ಹೋಯಿತು, ಮೊಣಕೈ ಬಾಯಿ ಒರೆಸಿತು. ಆಮೇಲೆ ಅವಳು ಚಿಕ್ಕವಳಾದಳು. ಎರಡೂ ಮುಷ್ಟಿಯಲ್ಲಿ ಸೀರೆಯನ್ನು ಲಂಗದಂತೆ ಹಿಡಿದುಕೊಂಡಳು. ಉಗುಳು ನುಂಗಿದಳು, ಅದು ಇಳಿಯಲಿಲ್ಲ, ಮತ್ತೆ ನುಂಗಿದಳು. ಕಣ್ಣು ಮೂಲೆ ಮೂಲೆಗೆ ಹೋಗಿ ಯಾರನ್ನೋ ಹುಡುಕಿತು. ಬಲಗಾಲಿನ ಹೆಬ್ಬೆರಳು ಮೆಲ್ಲಗೆ ಎದ್ದು ಎಡಗಾಲಿನ ಮೇಲೆ ಕೆರೆಯತೊಡಗಿತು. ಯಾರದು? ಒಂದು ಕ್ಷಣ ನನಗೆ ಗೊತ್ತಾಗಲಿಲ್ಲ. ಎಲ್ಲೋ ನೋಡಿದಂತಿದೆ, ಪಾಪ, ತುಂಬ ಹೆದರಿದ್ದಾಳೆ ಅನಿಸಿತು.

"ಅಯ್ಯೋ, ನಮ್ ಪುಟ್ಟಿ ಕಣ್ರೋ!" ಎಂದು ಚಿಕ್ಕಪ್ಪ ತೊಡೆ ತಟ್ಟಿಕೊಂಡು ನಕ್ಕ. ಅಪ್ಪ ನಕ್ಕ, ಅವ್ವ ಸೌಟು ಬಿಟ್ಟು ನಕ್ಕಳು. ನಾನು ನನ್ನ ಕಾಲು ನೋಡಿಕೊಂಡೆ. ಕೂತಲ್ಲೇ ಹೆಬ್ಬೆರಳು ಕೆರೆಯುತ್ತಿತ್ತು. ಅದನ್ನು ನಾನೇ ಕಂಡಿರಲಿಲ್ಲ, ಅಜ್ಜಿ ಯಾವತ್ತಿನಿಂದ ಕಂಡಿದ್ದಳೋ. ನಾನು ನಕ್ಕೆ. ಅಷ್ಟು ಜೋರಾಗಿ ನಾನು ಆಮೇಲೆ ಯಾವತ್ತೂ ನಕ್ಕಿಲ್ಲ. ಕಡುಬಿನ ಮೇಲೆ ಕಣ್ಣೀರು ಬಿತ್ತು, ಅದನ್ನೂ ಸೇರಿಸಿಕೊಂಡು ತಿಂದೆ.

ಈಗಲೂ ಮೈಕಿನ ಮುಂದೆ ನಿಂತು ಮೊದಲ ಮಾತು ಆಡುವ ಮುಂಚೆ, ಸೀರೆಯ ನೆರಿಗೆಯೊಳಗೆ ಬಲಗಾಲಿನ ಹೆಬ್ಬೆರಳು ಎದ್ದು ಎಡಗಾಲನ್ನು ಕೆರೆಯುತ್ತದೆ. ಜನರಿಗೆ ಅದು ಕಾಣುವುದಿಲ್ಲ. ಆ ಅಭ್ಯಾಸ ಬಿಡಿಸಿಕೊಳ್ಳಲು ನಾನೂ ಹೋಗಿಲ್ಲ. ಅಜ್ಜಿ ಹುಡುಕಿಕೊಟ್ಟ ನನ್ನ ಮುಖ ಅದು. ಅದು ಬರುವವರೆಗೆ ಕಾದು, ಆಮೇಲೆ ಬಾಯಿ ತೆರೆಯುತ್ತೇನೆ.